ಭದ್ರೆಗೆ ಬಿಟ್ಟ ಹೆಸರು

ಆ ಬಟ್ಟೆಚೀಲ ನಮ್ಮ ಪಕ್ಕದ ಮನೆಯವರ ಜೊತೆ ಮಣ್ಣಿಗೆ ಹೋಗಬೇಕಿತ್ತು. ನಾನು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟು, ಕೈಮುಗಿದು ಭದ್ರಾ ಹೊಳೆಗೆ ಬಿಟ್ಟುಬಂದೆ. ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ‘ಅದರಲ್ಲೇನು ತಪ್ಪು, ಒಳ್ಳೆಯದನ್ನೇ ಮಾಡಿದ್ದೀರಲ್ಲ’ ಎನ್ನುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಎಲ್ಲದಕ್ಕೂ ಮುಂದೆ ನುಗ್ಗುವ ನನ್ನ ಚಾಳಿಯಿಂದ ಸಣ್ಣಪುಟ್ಟ ಅನಾಹುತಗಳು ಬೇಕಾದಷ್ಟು ಆಗಿವೆ. ಅವನ್ನೆಲ್ಲ ಸ್ಟಾಫ್ ರೂಮಿನಲ್ಲಿ ನಗುತ್ತ ಹೇಳಿಕೊಂಡಿದ್ದೇನೆ. ಇದೊಂದನ್ನು ನಗುತ್ತ ಹೇಳಲು ಬರುವುದಿಲ್ಲ.

ಕಾಗದನಗರದಲ್ಲಿ ನಮ್ಮ ಕ್ವಾರ್ಟರ್ಸಿಗೂ ಅವರದಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ನನ್ನ ಗಂಡ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಪಕ್ಕದ ಮನೆಯ ಅಂಕಲ್ ಅಲ್ಲಿಯ ಲ್ಯಾಬಿನಲ್ಲಿದ್ದರು. ತಯಾರಾದ ಕಾಗದವನ್ನು ಯಂತ್ರಕ್ಕೆ ಸಿಕ್ಕಿಸಿ ಹರಿದು, ಅದು ಎಷ್ಟು ಎಳೆತ ತಡೆಯುತ್ತದೆ ಎಂದು ನೋಡುವುದು ಅವರ ಕೆಲಸ. ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ದಿನಾ ಬೆಳಿಗ್ಗೆ ಮಲವಗೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿ ಸಂಜೆ ಬರುವವಳು. ನನ್ನ ಮನೆಯ ಬೀಗದ ಕೈ ಯಾವಾಗಲೂ ಆಂಟಿಯ ಹತ್ತಿರವೇ ಇರುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ.

ಕಾಲೊನಿಯವರು ಅವರನ್ನು ‘ಬಾಂಬೆಯವರು’ ಎನ್ನುತ್ತಿದ್ದರು. ಮನೆಯಲ್ಲಿ ದೇವರ ಫೋಟೊ ಇಲ್ಲವೆಂದು ಕೆಲವರು ಕ್ರಿಶ್ಚಿಯನ್ನರು ಅಂದುಕೊಂಡರು. ಹಂದಿಮಾಂಸ ಮುಟ್ಟುವುದಿಲ್ಲವೆಂದು ಇನ್ನು ಕೆಲವರು ಸಾಬರು ಅಂದುಕೊಂಡರು. ಅವರು ಎರಡೂ ಅಲ್ಲ, ಯೆಹೂದಿಗಳು. ಹಿಂದಿನವರು ಕೊಂಕಣದ ಕರಾವಳಿಯಲ್ಲಿ ಗಾಣ ಆಡಿಸಿಕೊಂಡಿದ್ದರಂತೆ. ಶನಿವಾರ ಬಂತೆಂದರೆ ಗಾಣ ನಿಲ್ಲಿಸುತ್ತಿದ್ದುದರಿಂದ ಅಲ್ಲಿಯ ಜನ ಅವರನ್ನು ಶನಿವಾರದ ತೇಲಿಗಳು, ಅಂದರೆ ಶನಿವಾರದ ಗಾಣಿಗರು, ಎಂದು ಕರೆಯುತ್ತಿದ್ದರಂತೆ. ಮನೆಯೊಳಗೆ ಮರಾಠಿ ಮಾತಾಡುತ್ತಿದ್ದರು, ನಮ್ಮ ಜೊತೆ ಕನ್ನಡ.

ಶುಕ್ರವಾರ ಹೊತ್ತು ಇಳಿಯುವಾಗ ಆಂಟಿ ಒಂದು ಗಾಜಿನ ಲೋಟದಲ್ಲಿ ನೀರಿನ ಮೇಲೆ ಎಣ್ಣೆ ಹಾಕಿ ಬತ್ತಿ ಹಚ್ಚುತ್ತಿದ್ದರು. ಬಾಗಿಲ ಚೌಕಟ್ಟಿಗೆ ಬೆರಳುದ್ದದ ಒಂದು ಹಿತ್ತಾಳೆಯ ಕೊಳವೆಯನ್ನು ಓರೆಯಾಗಿ ಬಡಿದಿದ್ದರು. ಒಳಗೆ ಹೋಗುವಾಗ ಹೊರಗೆ ಬರುವಾಗ ಇಬ್ಬರೂ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ನಮ್ಮ ಅತ್ತೆ ಒಂದು ದಿನ ‘ಇದು ದೃಷ್ಟಿಗೆ ಕಟ್ಟಿದ ಯಂತ್ರವೇನಮ್ಮ?’ ಎಂದು ಕೇಳಿದರು. ಆಂಟಿ ನಕ್ಕು, ‘ಹಾಗೇ ಅಂತ ಇಟ್ಕೊಳ್ಳಿ ಅಮ್ಮ, ಒಳಗೆ ದೇವರ ಹೆಸರಿದೆ’ ಎಂದರು. ಹರಕೆ ತೀರಿದಾಗ ಅವಲಕ್ಕಿಗೆ ಕಾಯಿತುರಿ, ಬೆಲ್ಲ, ಏಲಕ್ಕಿ ಕಲಸಿ, ಬಾಳೆಹಣ್ಣಿನ ಜೊತೆ ಕೊಟ್ಟುಕಳಿಸುತ್ತಿದ್ದರು. ಯಾರ ಮನೆಯದನ್ನೂ ತಿನ್ನದ ನಮ್ಮ ಅತ್ತೆ ಅದನ್ನು ಮಾತ್ರ ‘ನಮ್ಮದೇ ಪ್ರಸಾದದ ಹಾಗಿದೆ’ ಎಂದು ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು.

ಒಂದು ಭಾನುವಾರ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ನಾನು ಕೇಳಿದೆ. ‘ಆಂಟಿ, ನಿಮ್ಮ ದೇವರ ಹೆಸರೇನು?’

‘ಹೆಸರಿದೆ. ಹೇಳೋ ಹಾಗಿಲ್ಲ.’

‘ನನಗೂ ಹೇಳಬಾರದಾ?’

‘ನನಗೆ ನಾನೂ ಹೇಳ್ಕೊಳ್ಳೋ ಹಾಗಿಲ್ಲ ಟೀಚರ್’ ಎಂದು ಆಂಟಿ ಬಟ್ಟೆ ಕೊಡವಿದರು. ಆ ಹೆಸರಿಗೆ ನಾಲ್ಕೇ ಅಕ್ಷರ. ಬರೆಯಬಹುದು, ಕಣ್ಣಲ್ಲಿ ಓದಬಹುದು, ಬಾಯಲ್ಲಿ ಮಾತ್ರ ತರುವಂತಿಲ್ಲ. ಪ್ರಾರ್ಥನೆ ಮಾಡುವಾಗ ಆ ಅಕ್ಷರಗಳು ಬಂದರೆ ‘ಅದೊನಾಯ್’ ಎನ್ನುತ್ತಾರೆ. ನನ್ನ ಒಡೆಯ ಎಂದು ಅರ್ಥ. ಸುಮ್ಮನೆ ಮಾತಾಡುವಾಗ ಅದನ್ನೂ ಬಳಸದೆ ‘ಹಶೆಮ್’ ಎನ್ನುತ್ತಾರೆ. ಹಾಗೆಂದರೆ ‘ಆ ಹೆಸರು’ ಎಂದಷ್ಟೇ. ನ್ಯಾಯ ತೀರಿಸುವ ದೇವರೆಂದು ಹೇಳುವಾಗ ‘ಎಲೋಹಿಮ್’. ಬಾಗಿಲ ಕೊಳವೆಯ ಮೇಲೆ ಕೆತ್ತಿದ್ದ ಒಂದೇ ಒಂದು ಅಕ್ಷರ ‘ಶದ್ದಾಯ್’ ಎಂಬುದರ ಮೊದಲಕ್ಷರ. ಎಲ್ಲವನ್ನೂ ಮಾಡಬಲ್ಲವನು ಎಂದು ಅರ್ಥ. ಹಿಂದೆ ಅವರ ದೊಡ್ಡ ದೇವಾಲಯ ಇದ್ದ ಕಾಲದಲ್ಲಿ ಪ್ರಧಾನ ಪುರೋಹಿತರು ವರ್ಷಕ್ಕೊಂದು ದಿನ ಆ ನಾಲ್ಕಕ್ಷರದ ಹೆಸರನ್ನು ಉಚ್ಚರಿಸುತ್ತಿದ್ದರಂತೆ. ದೇವಾಲಯ ನಾಶವಾಯಿತು. ಆ ಹೆಸರನ್ನು ಸರಿಯಾಗಿ ಹೇಗೆ ಹೇಳಬೇಕೆಂದು ಈಗ ಯಾರಿಗೂ ಖಚಿತವಾಗಿ ಗೊತ್ತಿಲ್ಲವಂತೆ.

ನನಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ. ನಮ್ಮಮ್ಮ ಸಾಯುವ ತನಕ ಅಪ್ಪನ ಹೆಸರು ಬಾಯಲ್ಲಿ ತಂದವಳಲ್ಲ. ರೇಷನ್ ಕಾರ್ಡಿನವನು ಗಂಡನ ಹೆಸರೇನೆಂದು ಕೇಳಿದರೆ ನನ್ನನ್ನು ಮುಂದಕ್ಕೆ ನೂಕಿ ‘ನೀನು ಹೇಳೇ’ ಎನ್ನುತ್ತಿದ್ದಳು. ಇದನ್ನು ಆಂಟಿಗೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ‘ಹೌದಲ್ವಾ, ಅಷ್ಟೇ ನೋಡಿ, ಬೇರೇನಿಲ್ಲ’ ಎಂದು ಕೈಯಲ್ಲಿದ್ದ ಟವೆಲ್ಲು ಹಾಗೇ ಹಿಡಿದುಕೊಂಡು ನಿಂತುಬಿಟ್ಟರು. ಅವತ್ತಿನಿಂದ ನನಗೂ ಅವರ ಧರ್ಮ ಪೂರಾ ಅರ್ಥವಾಯಿತು ಎಂಬ ಭಾವನೆ ಬಂತು. ನನ್ನ ಕೆಡುಕು ಶುರುವಾದದ್ದು ಅಲ್ಲಿಂದಲೇ ಇರಬೇಕು.

ಅಂಕಲ್ ಮಾತ್ರ ಈ ಮಾತುಕತೆಗೆಲ್ಲ ಸೇರುತ್ತಿರಲಿಲ್ಲ. ‘ನಂಬಿಕೆ ಎಲ್ಲಾ ಅವಳ ಡಿಪಾರ್ಟ್‌ಮೆಂಟು’ ಎನ್ನುತ್ತಿದ್ದರು. ಶುಕ್ರವಾರದ ದೀಪದ ಮುಂದೆ ಪೇಪರ್ ಹಿಡಿದು ಕೂತುಬಿಡುತ್ತಿದ್ದರು. ಆಂಟಿ ಮರಾಠಿಯಲ್ಲಿ ಗದರುತ್ತಿದ್ದದ್ದು ಗೋಡೆಯಾಚೆಗೂ ಕೇಳುತ್ತಿತ್ತು.

ಕಾರ್ಖಾನೆ ನಿಂತಿತು. ಬಹಳ ಮನೆಗಳು ಖಾಲಿಯಾದವು. ಖಾಲಿ ಮನೆಗಳ ಕಿಟಕಿ ಬಾಗಿಲು ಒಂದೊಂದಾಗಿ ಮಾಯವಾದವು, ಅಂಗಳದಲ್ಲಿ ಲಂಟಾನ ಎದೆಮಟ್ಟ ಬೆಳೆಯಿತು. ನಾವು ಅಲ್ಲೇ ಉಳಿದೆವು, ಅವರೂ ಉಳಿದರು. ಅಂಥ ಒಂದು ವರ್ಷದಲ್ಲಿ ಆಂಟಿಗೆ ಹೊಟ್ಟೆಯೊಳಗೆ ಗಡ್ಡೆಯೆಂದು ಗೊತ್ತಾಯಿತು. ಎಂಟು ತಿಂಗಳು ನರಳಿ ಹೋದರು. ಹೆಣವನ್ನು ಇಟ್ಟುಕೊಂಡು ಕಾಯುವುದು ಅವರ ಪದ್ಧತಿಯಲ್ಲ. ಹತ್ತಿರದಲ್ಲಿ ಅವರ ಜನರ ಸ್ಮಶಾನವಿಲ್ಲ. ಚರ್ಚಿನ ಉಪದೇಶಿಯೊಬ್ಬರು ದೊಡ್ಡ ಮನಸ್ಸು ಮಾಡಿ, ಕ್ರೈಸ್ತರ ಸ್ಮಶಾನದ ಮೂಲೆಯಲ್ಲಿ ಶಿಲುಬೆ ಹಾಕದೆ ಮಣ್ಣು ಮಾಡಲು ಜಾಗ ಕೊಡಿಸಿದರು. ಅವರ ಪ್ರಾರ್ಥನೆಗೆ ಹತ್ತು ಜನ ಯೆಹೂದಿ ಗಂಡಸರು ಬೇಕಂತೆ. ಅಲ್ಲಿ ಇದ್ದದ್ದು ಅಂಕಲ್ ಒಬ್ಬರೇ.

ಅದಾದ ಮರುವಾರದಿಂದ ಗೋಡೆಯಾಚೆ ಬೆಳಿಗ್ಗೆ ಪ್ರಾರ್ಥನೆ ಕೇಳಿಸತೊಡಗಿತು. ನಂಬಿಕೆಯೇ ಇಲ್ಲದವರು ತಲೆಗೆ ಟೋಪಿ ಹಾಕಿ, ಪೂರ್ವಕ್ಕಿದ್ದ ಕಿಟಕಿಗೆ ಮುಖಮಾಡಿ ನಿಂತು ಓದುತ್ತಿದ್ದರು. ಅವರ ಪವಿತ್ರ ನಗರ ಇರುವುದು ಪಶ್ಚಿಮಕ್ಕೆ, ಆ ಕಡೆ ತಿರುಗಬೇಕಿತ್ತು ಎಂದು ಯಾರೋ ಫೋನಿನಲ್ಲಿ ಹೇಳಿದ ಮೇಲೆ ತಿರುಗಿ ನಿಂತರು. ನಾನು ಸುಮ್ಮನಿರಲಾರದೆ ಕೇಳಿದೆ, ‘ಏನು ಅಂಕಲ್, ಈಗ ದೇವರು ಇದ್ದಾನೆ ಅಂತ ಆಯ್ತಾ?’

‘ಅದು ಗೊತ್ತಿಲ್ಲಮ್ಮ. ಅವಳಿದ್ದಾಗ ನನ್ನ ಪರವಾಗಿ ಅವಳೇ ನಂಬ್ತಿದ್ಲು. ಈಗ ಅವಳ ಪರವಾಗಿ ನಾನು ನಂಬ್ತಿದೀನಿ, ಅಷ್ಟೇ’ ಎಂದರು.

ಹೋದ ವರ್ಷದ ಮಳೆಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಂಬುಲೆನ್ಸ್ ಬಂದು ಸ್ಟ್ರೆಚರ್ ಮೇಲೆ ಮಲಗಿಸುವಾಗ, ಆ ನೋವಿನಲ್ಲೂ ನನ್ನ ಕೈಹಿಡಿದು ಕಪಾಟು ತೋರಿಸಿದರು. ‘ಮೇಲಿನ ಅರೇಲಿ ಬಿಳಿ ಚೀಲ ಇದೆ. ದೇವರ ಹೆಸರಿರೋ ಕಾಗದ. ರದ್ದಿಗೆ ಹೋಗಬಾರದು, ಬೆಂಕಿಗೆ ಹೋಗಬಾರದು. ನಿಮ್ಮ ಹತ್ರ ಇಟ್ಕೊಳ್ಳಿ’ ಎಂದರು. ಇನ್ನೂ ಏನೋ ಹೇಳಲು ಹೊರಟಿದ್ದರು. ನಾನು ‘ನೀವು ಚಿಂತೆ ಬಿಡಿ ಅಂಕಲ್, ನನಗೆಲ್ಲಾ ಗೊತ್ತು’ ಎಂದು ಅವರ ಮಾತನ್ನು ಅಲ್ಲಿಗೇ ನಿಲ್ಲಿಸಿದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೂರನೆಯ ದಿನ ಶ್ವಾಸಕೋಶದಲ್ಲಿ ನೀರು ತುಂಬಿ ಐಸಿಯುಗೆ ಹಾಕಿದರು. ಈ ವಯಸ್ಸಿನಲ್ಲಿ ಹೇಳುವುದು ಕಷ್ಟ ಎಂದು ಡಾಕ್ಟರು ನನ್ನ ಗಂಡನಿಗೆ ಹೇಳಿಕಳಿಸಿದರು. ಇತ್ತ ನಾನು ಚೀಲ ಬಿಚ್ಚಿ ನೋಡಿದರೆ ಒಂದು ಮೂಲೆಗೆ ಗೆದ್ದಲು ಹಿಡಿದಿತ್ತು. ಹರಿದ ಪುಸ್ತಕದ ಹಾಳೆಗಳು, ಚರ್ಮದ ಒಂದು ಸಣ್ಣ ಸುರುಳಿ, ಶಾಯಿಯಲ್ಲಿ ಬರೆದ ಒಂದು ನೋಟುಬುಕ್ಕು. ಅದರಲ್ಲಿ ಒಂದು ಸಾಲು ನನಗೆ ತಿಳಿಯದ ಲಿಪಿ, ಕೆಳಗೆ ಮರಾಠಿ. ಗೆದ್ದಲನ್ನು ಕೊಡವಿ, ಚೀಲವನ್ನು ನಮ್ಮ ದೇವರ ಗೂಡಿನ ಕೆಳಗಿಟ್ಟೆ.

ಮರುದಿನ ನಮ್ಮ ಅತ್ತೆ ಅದನ್ನು ನೋಡಿದರು. ‘ಅಲ್ಲ ಮಾರಾಯ್ತಿ, ಗೆದ್ದಲು ತಿಂದ ದೇವರ ಕಾಗದ ಮನೇಲಿ ಇಟ್ಕೋತಾರಾ? ಆ ಮನುಷ್ಯ ಜೀವ ಹೋಗದೆ ಒದ್ದಾಡ್ತಿರೋದು ಅದಕ್ಕೇ ಇರಬೇಕು. ಹೊಳೆಗೆ ಬಿಟ್ಟು ಬಾ’ ಎಂದರು. ಅವರು ಹೇಳಿದ್ದರಿಂದಲೇ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಭಿನ್ನವಾದ ವಿಗ್ರಹ, ಗಾಜು ಒಡೆದ ಫೋಟೊ, ಹಳೆಯ ಪಂಚಾಂಗ, ಎಲ್ಲವನ್ನೂ ಹೊಳೆಗೆ ಬಿಡುವುದನ್ನು ನೋಡಿಯೇ ನಾನು ಬೆಳೆದದ್ದು. ಕಸಕ್ಕಲ್ಲ, ಬೆಂಕಿಗಲ್ಲ ಎಂದರೆ ಇನ್ನೇನು ಉಳಿಯಿತು, ನೀರೇ ತಾನೆ. ಅಂಕಲ್ ಹೇಳದೆ ಉಳಿಸಿದ ಮಾತು ಅದೇ ಎಂದು ನನಗೆ ಒಂದಿಷ್ಟೂ ಸಂಶಯ ಬರಲಿಲ್ಲ.

ಭಾನುವಾರ ಬೆಳಿಗ್ಗೆ ತಲೆಸ್ನಾನ ಮಾಡಿ, ಮಡಿಯುಟ್ಟು ಹೋದೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಮ್ಮ ಮನೆಯ ಒಂದು ಮುರಿದ ಗಣಪತಿಯನ್ನೂ ಒಯ್ದಿದ್ದೆ. ಮೊದಲು ಚೀಲ ಬಿಟ್ಟೆ, ಆಮೇಲೆ ಗಣಪತಿ. ಪರರ ದೇವರಿಗೆ ಮೊದಲ ಮರ್ಯಾದೆ ಕೊಟ್ಟೆನೆಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡೆ. ಚೀಲ ಎರಡು ಸುತ್ತು ಸುತ್ತಿ ಮುಳುಗಿತು. ನನ್ನ ಕಣ್ಣಲ್ಲಿ ನೀರು ಬಂತು, ಆಂಟಿಯ ಕೆಲಸವನ್ನೇ ಮಾಡಿದ ಹಾಗನ್ನಿಸಿತು.

ಅಂಕಲ್ ಸಾಯಲಿಲ್ಲ. ಹತ್ತನೆಯ ದಿನ ಅವರನ್ನು ವಾರ್ಡಿಗೆ ತಂದರು. ಸ್ಕೂಲು ಮುಗಿಸಿಕೊಂಡು ನೋಡಲು ಹೋದೆ. ಮಾತಾಡುವಷ್ಟು ಚೇತರಿಸಿಕೊಂಡಿದ್ದರು. ಮೊದಲು ಕೇಳಿದ್ದೇ ಚೀಲದ ವಿಷಯ.

‘ಅದೆಲ್ಲಾ ಚೆನ್ನಾಗಿ ಆಯ್ತು ಅಂಕಲ್. ಹೂವು ಇಟ್ಟು ಭದ್ರೆಗೆ ಬಿಟ್ಟು ಬಂದೆ.’

ಅವರು ನನ್ನ ಮುಖವನ್ನೇ ನೋಡಿದರು. ‘ನೀರಿಗಾ?’ ಎಂದರು. ನಾನು ಹೂಂ ಎಂದೆ. ಅವರು ಮುಖವನ್ನು ನಿಧಾನವಾಗಿ ಗೋಡೆಯ ಕಡೆ ತಿರುಗಿಸಿಕೊಂಡರು. ಪಕ್ಕದ ಹಾಸಿಗೆಯವರ ಜೊತೆಗಿದ್ದ ಹೆಂಗಸು ‘ಯಾಕಮ್ಮ, ಅಜ್ಜನಿಗೆ ನೋವಾ? ನರ್ಸನ್ನ ಕರೀಲಾ?’ ಎಂದು ಎದ್ದು ಬಂದಳು. ನನಗೆ ಏನಾಯಿತೆಂದೇ ತಿಳಿಯಲಿಲ್ಲ. ತಂದಿದ್ದ ಮೂಸಂಬಿಯನ್ನು ಸ್ಟೂಲಿನ ಮೇಲಿಟ್ಟು ಬಂದುಬಿಟ್ಟೆ. ಬಸ್ಸಿನಲ್ಲಿ ಸಿಟ್ಟು ಬಂತು. ಇಷ್ಟು ಮಾಡಿದವಳಿಗೆ ಒಂದು ಒಳ್ಳೆಯ ಮಾತಿಲ್ಲವಲ್ಲ ಎಂದು ಮಲವಗೊಪ್ಪ ದಾಟುವವರೆಗೂ ಕುದಿಯುತ್ತಿದ್ದೆ.

ಮನೆಗೆ ಬಂದ ಮೇಲೂ ಅವರು ನನ್ನ ಜೊತೆ ಮಾತಾಡಲಿಲ್ಲ. ನಾನು ಕಳಿಸಿದ ಗಂಜಿಯನ್ನು ನನ್ನ ಗಂಡನ ಕೈಯಿಂದ ತೆಗೆದುಕೊಂಡು ಕುಡಿಯುತ್ತಿದ್ದರು. ಗೋಡೆಯಾಚೆ ಪ್ರಾರ್ಥನೆ ನಿಂತುಹೋಗಿತ್ತು. ಮೂರು ವಾರ ಕಳೆದ ಮೇಲೆ, ಬೈದರೆ ಬೈಸಿಕೊಳ್ಳೋಣವೆಂದು ನಾನೇ ಹೋಗಿ ಅವರ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ.

‘ಏನು ತಪ್ಪು ಮಾಡಿದೆ ಅಂತಾದ್ರೂ ಹೇಳಿ ಅಂಕಲ್.’

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲ್ಯಾಬಿನಲ್ಲಿ ಹೊಸ ಹುಡುಗರಿಗೆ ಹೇಳಿಕೊಡುವವರ ಹಾಗೆ ಒಂದೊಂದಾಗಿ ಹೇಳಿದರು. ಬರೆದ ಆ ಹೆಸರನ್ನು ಯಾವ ರೀತಿಯಲ್ಲೂ ಅಳಿಸಬಾರದು. ಅದಕ್ಕೇ ಹರಿದ ಕಾಗದವನ್ನೂ ಸತ್ತವರ ಹಾಗೆ ಮಣ್ಣು ಮಾಡುವುದು. ನೀರಿಗೆ ಹಾಕುವುದೆಂದರೆ ಶಾಯಿ ಕರಗಿಸುವುದು, ಅಳಿಸುವುದೇ. ಆ ನೋಟುಬುಕ್ಕು ಆಂಟಿಯದು. ಮದುವೆಗೆ ಮುಂಚೆ ಅವರ ತಂದೆಯ ಹಳೆಯ ಪ್ರಾರ್ಥನೆಗಳನ್ನು ತಮ್ಮ ಕೈಯಿಂದ ಪ್ರತಿ ಮಾಡಿಕೊಂಡದ್ದು. ತಾನು ಹೋದಾಗ ತನ್ನ ಜೊತೆಗೇ ಇದನ್ನು ಮಣ್ಣಿಗಿಡಬೇಕೆಂದು ಆಂಟಿ ಗಂಡನಿಂದ ಮಾತು ತೆಗೆದುಕೊಂಡಿದ್ದರು.

‘ಅವತ್ತು ಗಡಿಬಿಡೀಲಿ ಮರೆತುಬಿಟ್ಟೆ. ಸ್ಮಶಾನದಿಂದ ಬಂದು ಕಪಾಟು ತೆಗೆದರೆ ಚೀಲ ಅಲ್ಲೇ ಕೂತಿದೆ. ಮತ್ತೆ ಗುಂಡಿ ತೋಡಿಸೋಕಾಗುತ್ತಾ? ನಾನು ಹೋಗುವಾಗ ತಗೊಂಡು ಹೋಗಿ ಕೊಡ್ತೀನಿ ಅಂತ ಸಮಾಧಾನ ಮಾಡ್ಕೊಂಡೆ. ಅವಳ ಪಕ್ಕದಲ್ಲೇ ಜಾಗಾನೂ ಹೇಳಿಟ್ಟಿದೀನಿ’ ಎಂದರು.

ನಾನು ಮತ್ತೆ ಬರೆದುಕೊಡುತ್ತೇನೆ, ಅಕ್ಷರ ತೋರಿಸಿ, ಹಾಗೇ ತಿದ್ದುತ್ತೇನೆ ಎಂದೆ. ಅವರು ತಲೆಯಾಡಿಸಿದರು. ‘ನೀವು ಬರೆದ್ರೆ ಅದು ಬರೀ ಗೆರೆ ಆಗುತ್ತಮ್ಮ. ನಂಬಿ ಬರೀಬೇಕು. ನಾನು ಬರೆದರೂ ಅಷ್ಟೇ. ಅವಳು ನಂಬಿ ಬರೆದಿದ್ಲು’ ಎಂದರು. ಮತ್ತೆ ಅವರೇ ಮುಂದುವರಿಸಿದರು. ‘ನಮ್ಮಲ್ಲಿ ಒಂದೇ ಒಂದು ಕಡೆ ಆ ಹೆಸರನ್ನ ನೀರಲ್ಲಿ ತೊಳೆಯೋಕೆ ಅಪ್ಪಣೆ ಇತ್ತು. ಗಂಡ ಹೆಂಡತಿ ಮೇಲೆ ಸಂಶಯಪಟ್ಟರೆ, ಪುರೋಹಿತರು ಆ ಹೆಸರು ಬರೆದು ನೀರಲ್ಲಿ ತೊಳೆದು ಅವಳಿಗೆ ಕುಡಿಸ್ತಿದ್ರಂತೆ. ಮನೆ ಒಡೆಯದೆ ಇರ್ಲಿ ಅಂತ ದೇವರೇ ತನ್ನ ಹೆಸರು ಅಳಿಸೋಕೆ ಒಪ್ಪಿಕೊಂಡ ಅಂತ ನಮ್ಮ ಹಿರಿಯರು ಹೇಳ್ತಾರೆ.’

ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆ ಎಂದುಕೊಂಡೆ. ಇದ್ದರೂ ಇರಬಹುದು. ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ನಮ್ಮಿಬ್ಬರಲ್ಲಿ ಅಂಥಾ ಜಗಳ ಯಾವತ್ತೂ ಇರ್ಲಿಲ್ಲ ಟೀಚರ್. ಈಗ ಹೋಗಿ ಅವಳಿಗೆ ಏನಂತ ಹೇಳ್ಲಿ?’ ಎಂದು ಕೇಳಿದರು.

ಮರುದಿನ ಸ್ಕೂಲಿಗೆ ರಜೆ ಹಾಕಿ ಹೊಳೆಯ ದಂಡೆಯ ಮೇಲೆ ನಡೆದೆ. ಹುಚ್ಚುತನವೆಂದು ಗೊತ್ತಿತ್ತು. ಮಳೆ ಕಡಿಮೆಯಾಗಿ ನೀರು ಇಳಿದಿತ್ತು, ಮಧ್ಯಾಹ್ನದವರೆಗೂ ಹುಡುಕಿದೆ. ಊರಿನವರು ಭಕ್ತಿಯಿಂದ ಬಿಟ್ಟ ದೇವರುಗಳೆಲ್ಲ ಅಲ್ಲೇ ಇದ್ದರು. ಬಣ್ಣ ಕರಗಿ ಬರಿಯ ಫ್ರೇಮಾಗಿದ್ದ ಲಕ್ಷ್ಮಿ, ಕೈಯಿಲ್ಲದ ಗಣಪತಿಗಳು, ಪ್ಲಾಸ್ಟಿಕ್ ಕವರಿನ ಸಮೇತ ಪೊದೆಗೆ ಸಿಕ್ಕಿದ್ದ ಪೂಜೆಯ ಹೂವು. ಒಂದು ನಾಯಿ ಅವುಗಳ ನಡುವೆ ಮೂಸುತ್ತ ತಿರುಗುತ್ತಿತ್ತು. ಇಷ್ಟು ವರ್ಷ ಬಿಟ್ಟು, ಕೈಮುಗಿದು, ಹಿಂದಿರುಗಿ ನೋಡದೆ ಬಂದಿದ್ದೆನಲ್ಲ, ಅವೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಬಿಳಿ ಚೀಲ ಎಲ್ಲೂ ಸಿಗಲಿಲ್ಲ. ಮನೆಗೆ ಬಂದು ನನ್ನ ಗಂಡನ ಮುಂದೆ ಗಟ್ಟಿಯಾಗಿ ಅತ್ತೆ.

ಅಂಕಲ್ ಆಮೇಲೆ ನಾಲ್ಕು ತಿಂಗಳು ಬದುಕಿದ್ದರು. ನನ್ನ ಜೊತೆ ಮೊದಲಿನ ಹಾಗೇ ಮಾತಾಡುತ್ತಿದ್ದರು, ಪೇಪರಿನ ಸುದ್ದಿ ಹೇಳಿ ಬೈಯುತ್ತಿದ್ದರು. ಪ್ರಾರ್ಥನೆ ಮಾತ್ರ ಮತ್ತೆ ಮಾಡಲಿಲ್ಲ. ಅದನ್ನು ಕೇಳುವ ಧೈರ್ಯ ನನಗೂ ಬರಲಿಲ್ಲ. ಒಂದು ಬೆಳಿಗ್ಗೆ ಗಂಜಿ ಕೊಡಲು ಹೋದ ನನ್ನ ಗಂಡ ಬರಿಗೈಯಲ್ಲಿ ಓಡಿಬಂದರು.

ಬಾಂಬೆ ಪಕ್ಕದ ಠಾಣೆ ಊರಿನಲ್ಲಿದ್ದ ಅವರ ತಂಗಿಯ ಮಗಳಿಗೆ ಫೋನ್ ಮಾಡಿದೆವು. ಕಾಯುವುದು ಬೇಡ, ಇವತ್ತೇ ಮಣ್ಣು ಮಾಡಿ ಎಂದು ಅಳುತ್ತ ಹೇಳಿದಳು. ಉಳಿದ ಬಂಧುಗಳೆಲ್ಲ ಇಸ್ರೇಲಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಉಪದೇಶಿಯವರೂ ನನ್ನ ಗಂಡನೂ ಸೇರಿ ಮೈತೊಳೆದು, ಜೇಬಿಲ್ಲದ ಬಿಳಿಯ ಬಟ್ಟೆ ಸುತ್ತಿದರು. ಆಂಟಿಯ ಪಕ್ಕದಲ್ಲಿ ಗುಂಡಿ ತೋಡಿಯಾಗಿತ್ತು. ಕಾಲೊನಿಯಲ್ಲಿ ಉಳಿದಿದ್ದ ಹದಿನೈದು ಇಪ್ಪತ್ತು ಜನ ಬಂದಿದ್ದರು, ಅವರ ಕಡೆಯವರೆನ್ನುವ ಒಬ್ಬರೂ ಇಲ್ಲ. ಅವರನ್ನು ಕೆಳಗಿಳಿಸಿದಾಗ ಬಟ್ಟೆಯೊಳಗಿನ ಕೈಗಳ ಆಕಾರ ಕಾಣುತ್ತಿತ್ತು. ಆ ಕೈಗಳ ನಡುವೆ ಏನು ಇರಬೇಕಿತ್ತೆಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಉಪದೇಶಿಯವರು ನನ್ನ ಹತ್ತಿರ ಬಂದರು. ‘ಟೀಚರ್, ನಮ್ಮ ಪ್ರಾರ್ಥನೆ ಹೇಳೋದು ಸರಿಯಾಗಲ್ಲ. ಅವರ ದೇವರ ಹೆಸರು ಹೇಳಿ, ನಾವೆಲ್ಲ ಸೇರಿ ಒಂದ್ಸಲ ಆ ಹೆಸರು ಹೇಳಿ ಮಣ್ಣು ಹಾಕೋಣ. ನಿಮಗೆ ಗೊತ್ತಿರುತ್ತಲ್ಲ’ ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ಇಂಥ ಕಡೆ ಮುಂದೆ ನುಗ್ಗುವವಳು ನಾನೇ ಎಂದು ಎಲ್ಲರಿಗೂ ಗೊತ್ತು.

‘ನನಗೆ ಗೊತ್ತಿಲ್ಲ’ ಎಂದೆ.

ಹಿಂದೆ ಯಾರೋ ‘ಇಪ್ಪತ್ತು ವರ್ಷ ಗೋಡೆಗೆ ಗೋಡೆ ಇದ್ದು ಅಷ್ಟೂ ಕೇಳ್ಕೊಂಡಿಲ್ವಾ?’ ಎಂದು ಪಿಸುಗುಟ್ಟಿದರು. ಉಪದೇಶಿಯವರು ಸುಮ್ಮನೆ ತಲೆಬಾಗಿ ನಿಂತರು, ಉಳಿದವರೂ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ನನ್ನ ಸರದಿ ಬಂದಾಗ ಬಗ್ಗಿ ಒಂದು ಹಿಡಿ ತೆಗೆದುಕೊಂಡು, ಅವರಿಗೆ ಮಾತ್ರ ಕೇಳುವ ಹಾಗೆ ಹೇಳಿದೆ. ‘ಆಂಟಿ ಕೇಳಿದ್ರೆ ನೀವು ಮರೆತ್ರಿ ಅಂತ ಹೇಳ್ಬೇಡಿ ಅಂಕಲ್. ನನ್ನ ಹೆಸರು ಹೇಳಿ.’